ಮಂಡಕಳ್ಳಿಯಿಂದ ದಿಲ್ಲಿಗೆ ಎಷ್ಟು ಗಂಟೆ ಪೆಟ್ರೋಲ್?

ಪಕ್ಕದ ಮನೆಯ ಹುಡುಗ ಮೈಸೂರಿನ ಮಂಡಕಳ್ಳಿ ನಿಲ್ದಾಣದಲ್ಲಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾನೆ. ಹೋದ ತಿಂಗಳು ಒಂದು ಭಾನುವಾರ ನಕ್ಷೆ, ಸ್ಕೇಲು, ಪೆನ್ಸಿಲ್ ಹಿಡಿದು ನಮ್ಮ ಊಟದ ಮೇಜಿಗೆ ಬಂದು ಕೂತ. ಅವರ ಮನೆಯ ಮೇಜು ಚಿಕ್ಕದು, ನಕ್ಷೆ ಹಿಡಿಸಲ್ಲವಂತೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಸಿಗಬೇಕಾದರೆ ಒಬ್ಬನೇ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿ.ಮೀ. ಹಾರಬೇಕು. ದಾರಿಯಲ್ಲಿ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು, ಪೂರ್ತಿ ನಿಂತು, ಮತ್ತೆ ಏರಬೇಕು. ಅದಕ್ಕೆ ತಯಾರಿ ನಡೆದಿತ್ತು.

"ನೀನು ಕಲಿಯೋ ವಿಮಾನದಲ್ಲೇ ದಿಲ್ಲಿಗೆ ಹೋಗಬಹುದೇನಪ್ಪಾ?" ಎಂದೆ.

"ಆರಾಮಾಗಿ ಅಂಕಲ್. ಎಲ್ಲೆಲ್ಲಿ ಇಳೀತೀವಿ ಅನ್ನೋದಷ್ಟೇ ಪ್ರಶ್ನೆ."

"ಮೈಲೇಜ್ ಎಷ್ಟು ಕೊಡುತ್ತೆ?"

ನಕ್ಕ. "ನಾವು ಕಿಲೋಮೀಟರ್ ಲೆಕ್ಕ ಹಾಕಲ್ಲ. ಗಂಟೆ ಲೆಕ್ಕ."

ಅದೇನು ಅಂತ ಅರ್ಥವಾಗಲು ನನಗೆ ಒಂದು ಕಾಫಿಯಷ್ಟು ಹೊತ್ತು ಬೇಕಾಯಿತು. ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನವನ್ನೇ ತಗೊಳ್ಳಿ. ಎರಡು ರೆಕ್ಕೆಗಳ ಟ್ಯಾಂಕ್ ಸೇರಿ ಬಳಸಲು ಸಿಗುವುದು ಸುಮಾರು 200 ಲೀಟರ್. ಗಂಟೆಗೆ 35 ಲೀಟರ್ ಆಸುಪಾಸು ಕುಡಿಯುತ್ತದೆ. ಗಂಟೆಗೆ 220 ಕಿ.ಮೀ. ವೇಗ. ಅಂದರೆ ಐದು ಗಂಟೆ ನಲವತ್ತು ನಿಮಿಷ, 1,200 ಕಿ.ಮೀ. ಮೇಲೆ. ಮೈಸೂರಿನಿಂದ ದಿಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 1,800 ಕಿ.ಮೀ. ಮಧ್ಯದಲ್ಲಿ ಒಂದೇ ಒಂದು ಕಡೆ ಇಳಿದರೆ ಸಾಕಲ್ವಾ?

ಕಾಗದದ ಮೇಲೆ ಸಾಕು. ಆದರೆ ಆ 220 ಕಿ.ಮೀ. ವೇಗ ಗಾಳಿಯೊಳಗಿನದು, ನೆಲದ ಮೇಲಿನದಲ್ಲ. ಗಂಟೆಗೆ 40 ಕಿ.ಮೀ. ಗಾಳಿ ಎದುರಿಗೆ ಬೀಸಿದರೆ ನೆಲದ ಲೆಕ್ಕದಲ್ಲಿ 180 ಮಾತ್ರ. ಎಂಜಿನ್ನಿಗೆ ಇದೆಲ್ಲ ಗೊತ್ತಾಗುವುದಿಲ್ಲ. ಅದು ಗಂಟೆಗೆ ತನ್ನ 35 ಲೀಟರ್ ಕುಡಿಯುತ್ತಲೇ ಇರುತ್ತದೆ. 550 ಕಿ.ಮೀ.ಗೆ ಎರಡೂವರೆ ಗಂಟೆ ಅಂದುಕೊಂಡಿದ್ದರೆ ಮೂರು ಗಂಟೆ ದಾಟುತ್ತದೆ. ಹಗಲಿನ ಹಾರಾಟಕ್ಕೆ ಕನಿಷ್ಠ 30 ನಿಮಿಷದ ಇಂಧನ ಮೀಸಲಿರಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಆ ಮೀಸಲು ಈ ಗಾಳಿಗೇ ಸರಿಹೋಯಿತು. ಅದಕ್ಕೇ ಹುಷಾರಿನವರು ಒಂದು ಗಂಟೆಯಷ್ಟು ಇಟ್ಟುಕೊಳ್ಳುತ್ತಾರೆ.

ವಾಪಸ್ ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುತ್ತದಲ್ಲ, ಸರಿದೂಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಇಲ್ಲ. 440 ಕಿ.ಮೀ. ಹೋಗಿ ಬರಲು ಗಾಳಿಯಿಲ್ಲದ ದಿನ ನಾಲ್ಕು ಗಂಟೆ. ಗಾಳಿಯ ದಿನ ಹೋಗಲು ಸುಮಾರು 2 ಗಂಟೆ 27 ನಿಮಿಷ, ಬರಲು 1 ಗಂಟೆ 42 ನಿಮಿಷ. ಒಟ್ಟು ಎಂಟೊಂಬತ್ತು ನಿಮಿಷ ಜಾಸ್ತಿ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತೇವೆ, ಅನುಕೂಲದ ಗಾಳಿಯಲ್ಲಿ ಕಡಿಮೆ ಹೊತ್ತು.

ಆಷಾಢದಲ್ಲಿ ನಮ್ಮ ಕೊಡೆ ತಿರುಗುಮುರುಗು ಮಾಡುವ ಪಡುವಣ ಗಾಳಿ ಇದೆಯಲ್ಲ, ಅದು ನೆಲದ ಹತ್ತಿರ ಏನೂ ಅಲ್ಲ. ಮುಂಗಾರಿನ ಈ ಗಾಳಿ ಅತಿ ಜೋರಾಗಿರುವುದು ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ. ಸಣ್ಣ ವಿಮಾನಗಳು ಹಾರುವುದೂ ಹೆಚ್ಚುಕಡಿಮೆ ಅಲ್ಲೇ! ಮಂಗಳೂರಿನ ಕಡೆ ಹೊರಟರೆ ಮುಖಕ್ಕೇ ಹೊಡೆಯುತ್ತದೆ. ದಿಲ್ಲಿ ಕಡೆ ಹೊರಟರೆ ಎಡಗಡೆಯಿಂದ ತಳ್ಳುತ್ತದೆ. ಆಗ ಮೂತಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡೇ ಹೋಗಬೇಕು, ಹೊಳೆ ದಾಟಿಸುವ ಹರಿಗೋಲಿನವನು ಮೇಲ್ಗಡೆಗೆ ಹುಟ್ಟು ಹಾಕುವ ಹಾಗೆ.

ಹಾಗಿದ್ದರೆ ಟ್ಯಾಂಕ್ ಫುಲ್ ಮಾಡಿಸಿ ಹೊರಟರಾಯಿತು ಅಂದೆ. ಹುಡುಗ ತಲೆಯಾಡಿಸಿದ. ಈ ವಿಮಾನ ಏರುವಾಗ ಒಟ್ಟು ತೂಕ 1,157 ಕಿಲೋ ದಾಟುವಂತಿಲ್ಲ. ಖಾಲಿ ವಿಮಾನದ ತೂಕ ಕಳೆದರೆ ಉಳಿಯುವುದು 400 ಕಿಲೋ ಹತ್ತಿರ. ಪೂರ್ತಿ ಪೆಟ್ರೋಲಿಗೇ ಸುಮಾರು 145 ಕಿಲೋ. ಮಿಕ್ಕಿದ್ದರಲ್ಲಿ ಮೂರು ಜನ ದೊಡ್ಡವರು, ಒಂದೆರಡು ಬ್ಯಾಗು, ಮುಗೀತು. ಸೀಟು ನಾಲ್ಕಿದ್ದರೂ ನಾಲ್ಕನೆಯವರು ಹತ್ತಬೇಕಾದರೆ ಪೆಟ್ರೋಲ್ ಇಳಿಸಬೇಕು. ಪೆಟ್ರೋಲ್ ಇಳಿಸಿದರೆ ದಾರಿಯಲ್ಲಿ ಇನ್ನೊಂದು ಕಡೆ ಇಳಿಯಬೇಕು.

ಇದರ ಮೇಲೆ ಮೈಸೂರಿನ ಬಿಸಿಲು ಬೇರೆ. ಮಂಡಕಳ್ಳಿ ಸಮುದ್ರಮಟ್ಟದಿಂದ 2,300 ಅಡಿಗೂ ಮೇಲಿದೆ. ಬಿಸಿಯಾದ ಗಾಳಿ ತೆಳುವಾಗುತ್ತದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದಾಗ ಇಲ್ಲಿನ ಗಾಳಿ ಐದು ಸಾವಿರ ಅಡಿಗೂ ಮೇಲಿನ ಗಾಳಿಯಷ್ಟು ತೆಳು. ಮಡಿಕೇರಿಯೇ ನಾಲ್ಕು ಸಾವಿರ ಅಡಿಯೊಳಗಿದೆ. ಅಂದರೆ ರನ್‌ವೇ ಮಂಡಕಳ್ಳಿಯಲ್ಲಿದ್ದರೂ ರೆಕ್ಕೆಗೆ ಮಡಿಕೇರಿಗಿಂತ ಮೇಲಿದ್ದಂತೆ. ಎಂಜಿನ್ನಿಗೆ ಉಸಿರು ಸಾಲದು, ಓಟ ಉದ್ದವಾಗುತ್ತದೆ, ಏರುವುದು ನಿಧಾನ. ತುಂಬಿದ ವಿಮಾನ ಬೆಳಗಿನ ತಂಪಿನಲ್ಲೇ ಹೊರಡುವುದಕ್ಕೆ ಇದೊಂದು ಕಾರಣ. ಮುಂಗಾರಿಗೆ ಮುಂಚೆ ಮಧ್ಯಾಹ್ನದ ಮೇಲೆ ಕವಿಯುವ ಗುಡುಗು ಮೋಡ ಇನ್ನೊಂದು.

ಇಷ್ಟೆಲ್ಲ ಕಳೆದು ಕೂಡಿ ಹುಡುಗ ದಿಲ್ಲಿಯ ಗೆರೆಯನ್ನು ಮೂರು ತುಂಡು ಮಾಡಿದ. ತಲಾ 600 ಕಿ.ಮೀ., ನಡುವೆ ಎರಡು ಕಡೆ ಇಳಿಯುವುದು.

ಎಲ್ಲಿ ಇಳಿಯಬೇಕು ಅನ್ನುವುದನ್ನು ಗೆರೆ ಹೇಳುವುದಿಲ್ಲ. ಪೆಟ್ರೋಲ್ ಹೇಳುತ್ತದೆ. ಈ ಎಂಜಿನ್ನಿಗೆ ಬೇಕಾದದ್ದು ಅವ್‌ಗ್ಯಾಸ್ ಎಂಬ ವಿಮಾನದ ಪೆಟ್ರೋಲ್. ಗುರುತು ಸಿಗಲೆಂದು ಅದಕ್ಕೆ ನೀಲಿ ಬಣ್ಣ ಹಾಕಿರುತ್ತಾರೆ. ದೊಡ್ಡ ನಿಲ್ದಾಣಗಳಲ್ಲಿ ಧಾರಾಳವಾಗಿ ಸಿಗುವುದು ಜೆಟ್ ಇಂಧನ. ಅದು ಸೀಮೆಎಣ್ಣೆಯ ಜಾತಿ, ಇಲ್ಲಿ ನಡೆಯಲ್ಲ. ಅವ್‌ಗ್ಯಾಸ್ ಅನ್ನು ನಮ್ಮ ದೇಶ ಹೊರಗಿನಿಂದಲೇ ತರಿಸಿಕೊಳ್ಳುತ್ತಿತ್ತು. ಇಂಡಿಯನ್ ಆಯಿಲ್ ಇಲ್ಲೇ ತಯಾರಿಸಿದ್ದನ್ನು ಬಿಡುಗಡೆ ಮಾಡಿದ್ದು 2022ರಲ್ಲಿ. ಹಾಗಾಗಿ ಮೊದಲ ಕೆಲಸ ಫೋನ್ ಮಾಡುವುದು. ಸ್ಟಾಕ್ ಇದೆಯಾ? ಎಷ್ಟು ಗಂಟೆವರೆಗೆ ತೆರೆದಿರುತ್ತೆ? ಇಳಿಯಲು ಅನುಮತಿ ಯಾರನ್ನು ಕೇಳಬೇಕು? ನಕ್ಷೆಗಿಂತ ಇದಕ್ಕೇ ಹೆಚ್ಚು ಹೊತ್ತು ಹೋಗುತ್ತದಂತೆ.

ಈ ತಾಪತ್ರಯ ಹಳೆಯದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಬೊಂಬಾಯಿಗೆ ಟಪಾಲು ತಂದಾಗ ಅಹಮದಾಬಾದಿನಲ್ಲಿ ಇಳಿದದ್ದು ಪೆಟ್ರೋಲಿಗೆ. ಅದು ಡಬ್ಬಗಳಲ್ಲಿ, ಎತ್ತಿನ ಗಾಡಿಯ ಮೇಲೆ ಬಂತು. ಬೊಂಬಾಯಿಯಿಂದ ಮುಂದಕ್ಕೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಮದರಾಸಿಗೆ ಹಾರಿಸಿದರು, ನಮ್ಮ ಬಳ್ಳಾರಿಯಲ್ಲಿ ಇಳಿದು. ದೇಶದ ಮೊದಲ ಟಪಾಲು ವಿಮಾನ ಮಾರ್ಗಗಳಲ್ಲೊಂದಕ್ಕೆ ಬಳ್ಳಾರಿ ನಿಲ್ದಾಣವಾಗಿತ್ತು ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಹುಡುಗ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ರೆಕ್ಕೆಯ ಮೇಲಿನ ಮುಚ್ಚಳ ಬಿಚ್ಚಿ, ಗೀಟು ಹಾಕಿದ ಒಂದು ಕಡ್ಡಿಯನ್ನು ಟ್ಯಾಂಕಿಗೆ ಅದ್ದುತ್ತಾನೆ. ಮೇಲೆತ್ತಿದ ತಕ್ಷಣ ಒದ್ದೆ ಎಲ್ಲಿವರೆಗಿದೆ ಅಂತ ನೋಡಬೇಕು, ಬೇಗ ಆರಿಹೋಗುತ್ತದೆ. ಮೀಟರ್ ಇದ್ದರೂ ಅದನ್ನೊಂದನ್ನೇ ನಂಬುವುದಿಲ್ಲ. ನಮ್ಮಜ್ಜಿ ಸೀಮೆಎಣ್ಣೆ ಡಬ್ಬಕ್ಕೆ ಪೊರಕೆ ಕಡ್ಡಿ ಇಳಿಬಿಡುತ್ತಿದ್ದದ್ದು ನೆನಪಾಯಿತು. ಆಮೇಲೆ ರೆಕ್ಕೆಯ ಅಡಿಯಿಂದ ಒಂದು ಪಾರದರ್ಶಕ ಕೊಳವೆಗೆ ಸ್ವಲ್ಪ ಇಳಿಸಿ ಬೆಳಕಿಗೆ ಹಿಡಿದ. ತಿಳಿ ನೀಲಿ. ನೀರು ಸೇರಿದ್ದರೆ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂತಿರುತ್ತದೆ. ನೀರು ಭಾರ ತಾನೆ.

ಹಾರುತ್ತಾ ಮಾಡುವ ಇನ್ನೊಂದು ಪರೀಕ್ಷೆ ಅವನ ಹಾಳೆಯಲ್ಲಿತ್ತು. ಕನ್ನಂಬಾಡಿ ಕಟ್ಟೆಯಿಂದ ಶ್ರವಣಬೆಳಗೊಳದ ಬೆಟ್ಟಕ್ಕೆ ನೇರ ದಾರಿ 50 ಕಿ.ಮೀ. ಹತ್ತಿರ. ಮೇಲಿನಿಂದ ಎರಡೂ ಚೆನ್ನಾಗಿ ಕಾಣುತ್ತವೆ. ಹದಿನಾಲ್ಕು ನಿಮಿಷದಲ್ಲಿ ತಲುಪಬೇಕು. ಹದಿನೇಳು ಹಿಡಿದರೆ ಎದುರಿಗೆ 40 ಕಿ.ಮೀ. ಗಾಳಿ ಇದೆ ಅಂತ ಅರ್ಥ. ಮೂರು ನಿಮಿಷದ ಈ ತಡ ಸಂಜೆಯೊಳಗೆ ಎಷ್ಟಾಗುತ್ತದೆ ಅನ್ನುವುದು ಹೊರಟ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ. ಪ್ರತಿ ಗುರುತಿನ ಪಕ್ಕದಲ್ಲೂ ಅವನು ಒಂದು ಅಂಕಿ ಬರೆದಿದ್ದ. ಟ್ಯಾಂಕಿನಲ್ಲಿ ಅಷ್ಟು ಲೀಟರ್ ಇಲ್ಲದಿದ್ದರೆ ಅಲ್ಲೇ ಹತ್ತಿರ ಇಳಿಯುವುದು, ಚರ್ಚೆ ಇಲ್ಲ.

"ಮೇಲೆ ಕೂತಾಗ 'ಇನ್ನೇನು ಬಂದೇಬಿಡ್ತು' ಅನ್ಸುತ್ತೆ ಅಂಕಲ್. ಅದಕ್ಕೇ ಇಲ್ಲೇ ಬರ್ಕೊಂಡು ಹೋಗೋದು."

ರಿಸರ್ವ್‌ಗೆ ಬಿದ್ದ ಸ್ಕೂಟರನ್ನು 'ಮುಂದಿನ ಬಂಕ್ ಸಿಗುತ್ತೆ ಬಿಡು' ಅಂತ ಓಡಿಸಿ, ಕಡೆಗೆ ನಂಜನಗೂಡು ರಸ್ತೆಯಲ್ಲಿ ತಳ್ಳಿಕೊಂಡು ಬಂದವನು ನಾನು. ಸುಮ್ನೆ ಕೂತೆ.

ಅಷ್ಟರಲ್ಲಿ ನನ್ನ ಹೆಂಡತಿ ಮಜ್ಜಿಗೆ ತಂದಿಟ್ಟಳು. ಹುಡುಗ ಗಡಿಯಾರ ನೋಡಿದ. ಮೂರು ಗಂಟೆಗೆ ಹಾರಾಟವಿತ್ತಂತೆ. ಆ ವಿಮಾನದಲ್ಲಿ ಶೌಚಾಲಯ ಇಲ್ಲ.

"ಅರ್ಧ ಲೋಟ ಸಾಕು ಆಂಟಿ" ಎಂದ.