ಕಯಾಕ್ ಇಳಿಸುವುದು ಎಷ್ಟು ಗಂಟೆಗೆ? ಪಂಚಾಂಗ ನೋಡಿ ಹೇಳಬೇಕಾದ ಉತ್ತರ

ಪ್ರಶ್ನೆ: ಡಿಸೆಂಬರಿನ ಒಂದು ಶನಿವಾರ, ಭಾನುವಾರ ನಾವು ನಾಲ್ವರು ಹೊನ್ನಾವರದ ಶರಾವತಿಯಲ್ಲಿ ಕಯಾಕ್ ನಡೆಸಿ, ಆಮೇಲೆ ಗೋಕರ್ಣದ ಕಡಲತೀರಗಳನ್ನು ನಡೆದೇ ನೋಡಬೇಕೆಂದಿದ್ದೇವೆ. ಕಯಾಕಿಗೆ ಬೆಳಗ್ಗೆ ಆರು ಗಂಟೆಯೇ ಒಳ್ಳೆಯದೆಂದು ಒಬ್ಬರು, ಸಂಜೆ ನಾಲ್ಕು ಗಂಟೆಯೇ ಒಳ್ಳೆಯದೆಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತೂ ಸರಿಯಿರಬಹುದು, ಆದರೆ ಒಂದೇ ದಿನ ಇಬ್ಬರದೂ ಸರಿಯಾಗುವುದು ಅಪರೂಪ. ಕರಾವಳಿಯ ಹೊಳೆಗಳಲ್ಲಿ ಹೊರಡುವ ಹೊತ್ತನ್ನು ನಿರ್ಧರಿಸುವುದು ಕಡಲಿನ ಉಬ್ಬರ ಮತ್ತು ಇಳಿತ. ಅದು ಗಡಿಯಾರಕ್ಕಿಂತ ಚಂದ್ರನನ್ನು ಹೆಚ್ಚು ಅನುಸರಿಸುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಾನು ಕೇಳಬೇಕಾದದ್ದು, ಆ ಶನಿವಾರ ಯಾವ ತಿಥಿ ಎಂದು.

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ಇಂದಿನ ಉಬ್ಬರ ನಾಳೆ ಸರಾಸರಿ 50 ನಿಮಿಷ ತಡವಾಗಿ ಬರುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಮತ್ತು ಅಮಾವಾಸ್ಯೆಯ ದಿನಗಳಲ್ಲಿ ನೀರು ತುಂಬುವುದು ಸ್ಥೂಲವಾಗಿ ಹಗಲು ಹನ್ನೊಂದರ ಆಸುಪಾಸಿನಲ್ಲಿ. ಅಲ್ಲಿಂದ ದಿನಕ್ಕಿಷ್ಟರಂತೆ ಸರಿಯುತ್ತ ಹೋಗಿ, ಅಷ್ಟಮಿಯ ಹೊತ್ತಿಗೆ ಉಬ್ಬರವು ಬೆಳಗಿನ ಜಾವ ಐದು ಮತ್ತು ಸಂಜೆ ಐದರ ಸುಮಾರಿಗೆ ಬರುತ್ತದೆ. ಏಕಾದಶಿಯಂದು ಬೆಳಗ್ಗೆ ಎಂಟರ ಹತ್ತಿರ. ಇದು ಅಂದಾಜಿನ ಲೆಕ್ಕವೇ ಹೊರತು ವೇಳಾಪಟ್ಟಿಯಲ್ಲ. ಖಚಿತವಾದ ಹೊತ್ತನ್ನು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ (ಇನ್‌ಕಾಯಿಸ್) ನೀಡುವ ಉಬ್ಬರವಿಳಿತದ ಮಾಹಿತಿಯಲ್ಲಿ ನೋಡಿಕೊಳ್ಳಬೇಕು. ಅಲ್ಲಿರುವುದು ಕಡಲ ಬಾಯಿಯ ಹೊತ್ತು. ಹೊಳೆಯಲ್ಲಿ ಒಳಗೊಳಗೆ ಹೋದಂತೆ ಅದೇ ಉಬ್ಬರ ತಡವಾಗಿ ತಲುಪುತ್ತದೆ. ಎಷ್ಟು ತಡವೆಂಬುದನ್ನು ಆ ದಂಡೆಯ ದೋಣಿಯವರಷ್ಟು ಚೆನ್ನಾಗಿ ಯಾರೂ ಹೇಳಲಾರರು.

ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರಿನಷ್ಟು ಏರಿಳಿಯುವ ನೀರು ನಮ್ಮಲ್ಲಿ ದೊಡ್ಡ ಉಬ್ಬರದಲ್ಲೂ ಒಂದೂವರೆ ಮೀಟರಿನ ಆಸುಪಾಸಿನಲ್ಲೇ ನಿಲ್ಲುವುದರಿಂದ, ಇಷ್ಟಕ್ಕೆ ಇಷ್ಟೆಲ್ಲ ಲೆಕ್ಕವೇಕೆ ಎಂದು ನಿಮಗೆ ಅನಿಸಬಹುದು. ಆದರೆ ಹೊಳೆಯಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವಿನ ಸಣ್ಣ ಕಾಲುವೆಗಳ ಆಳವೇ ಅಷ್ಟಿರುವಾಗ, ಒಂದೂವರೆ ಮೀಟರ್ ಎಂದರೆ ಎಲ್ಲವೂ ಆಯಿತು. ಉಬ್ಬರದಲ್ಲಿ ಕೊಂಬೆಗಳ ಕೆಳಗೆ ನುಣ್ಣಗೆ ಸಾಗುವ ಕಯಾಕ್ ಇಳಿತದಲ್ಲಿ ಕೆಸರಿನ ಮೇಲೆ ಕೂತುಬಿಡುತ್ತದೆ. ಇಳಿದು ಎಳೆಯೋಣವೆಂದರೆ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ, ಬೇರುಗಳಿಗೆ ಅಂಟಿಕೊಂಡ ಚಿಪ್ಪುಗಳು ಬ್ಲೇಡಿನಂತೆ ಕುಯ್ಯುತ್ತವೆ. ಇಂಥದೊಂದು ಕಾಲುವೆಯಲ್ಲಿ ಹಕ್ಕಿ ನೋಡುತ್ತ ಮೈಮರೆತು, ನೀರು ಮತ್ತೆ ಏರುವವರೆಗೆ ಮೂರು ಗಂಟೆ ಕಾದು ಕೂತವನು ನಾನು. ಏಡಿಗಳ ಪರಿಚಯವೇನೋ ಚೆನ್ನಾಗಿಯೇ ಆಯಿತು, ಆದರೆ ಕುಡಿಯುವ ನೀರು ಮುಗಿದಿತ್ತು.

ಆಳಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಸೆಳೆತ. ಇಳಿತದ ಆರು ಗಂಟೆಗಳಲ್ಲಿ ನೀರು ಒಂದೇ ಸಮನಾಗಿ ಇಳಿಯುವುದಿಲ್ಲ. ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು ಎಂಬುದು ನಾವಿಕರ ಹಳೆಯ ಲೆಕ್ಕ. ಅಂದರೆ ನಡುವಿನ ಎರಡು ಗಂಟೆಗಳಲ್ಲೇ ಅರ್ಧದಷ್ಟು ನೀರು ಓಡುತ್ತದೆ. ಹೊಸಬರು ಹುಟ್ಟು ಹಾಕುವ ವೇಗ ಗಂಟೆಗೆ 4 ಕಿ.ಮೀ. ಎಂದೂ ಸೆಳೆತ ಗಂಟೆಗೆ 2 ಕಿ.ಮೀ. ಎಂದೂ ಇಟ್ಟುಕೊಳ್ಳಿ. ಸೆಳೆತದ ಜೊತೆ ಮೂರು ಕಿಲೋಮೀಟರ್ ಹೋಗಲು ಅರ್ಧ ಗಂಟೆ ಸಾಕು, ಅದೇ ದಾರಿಯಲ್ಲಿ ಎದುರು ಬರಲು ಒಂದೂವರೆ ಗಂಟೆ ಬೇಕು. ಹೋಗುವಾಗಿನ ಸಲೀಸನ್ನು ತಮ್ಮ ತೋಳಿನ ಬಲವೆಂದು ತಿಳಿದವರೇ ಬರುವಾಗ ದಣಿದು ನಡುಹೊಳೆಯಲ್ಲಿ ನಿಲ್ಲುವುದು.

ಆದ್ದರಿಂದ ಕ್ರಮ ಹೀಗಿರಲಿ: ಉಬ್ಬರ ತುಂಬುವುದಕ್ಕೆ ಒಂದೂವರೆ ಗಂಟೆ ಮೊದಲು ಹೊರಟು, ಏರುವ ನೀರಿನೊಂದಿಗೆ ಕಡಲಿಗೆ ಬೆನ್ನು ಹಾಕಿ ಹೊಳೆಯ ಒಳಕ್ಕೆ ಹೋಗಬೇಕು, ನೀರು ನಿಂತಂತೆ ಕಾಣುವ ಅರೆಗಳಿಗೆಯನ್ನು ಕಾಂಡ್ಲಾದ ನೆರಳಿನಲ್ಲಿ ಕಳೆದು, ಇಳಿತ ಶುರುವಾದ ಮೊದಲ ಗಂಟೆಯಲ್ಲೇ ಹಿಂತಿರುಗಬೇಕು. ಇಳಿತದಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಬಾಯಿಯತ್ತ ಹೋಗುವುದಂತೂ ಬೇಡವೇ ಬೇಡ. ಹೊರಕ್ಕೆ ಓಡುವ ಹೊಳೆನೀರು ಒಳಕ್ಕೆ ಬರುವ ಕಡಲಲೆಗೆ ಡಿಕ್ಕಿ ಹೊಡೆಯುವ ಆ ಜಾಗದಲ್ಲಿ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ, ಅನುಭವಿ ಮೀನುಗಾರರೂ ಅಲ್ಲಿ ಹೊತ್ತು ನೋಡಿಯೇ ದೋಣಿ ದಾಟಿಸುತ್ತಾರೆ.

ಇದರ ಮೇಲೆ ಗಾಳಿಯ ಲೆಕ್ಕವೂ ಇದೆ. ಚಳಿಗಾಲದ ಬೆಳಗಿನಲ್ಲಿ ನೆಲದ ಕಡೆಯಿಂದ ತೆಳುವಾದ ಗಾಳಿ ಬರುತ್ತದೆ, ಹೊಳೆ ಕನ್ನಡಿಯಂತಿರುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಕಡಲಗಾಳಿ ಬೀಸತೊಡಗಿ ಸಂಜೆಯವರೆಗೂ ಮುಂದುವರಿಯುತ್ತದೆ. ಸಂಜೆ ನಾಲ್ಕರ ಸಲಹೆ ಅಷ್ಟಮಿಯ ಸುಮಾರಿನಲ್ಲಿ ನೀರಿನ ಲೆಕ್ಕಕ್ಕೆ ಸರಿಯಾದರೂ ಈ ಗಾಳಿಗೆ ಎದುರಾಗಿಯೇ ಹಿಂತಿರುಗಬೇಕಾಗುತ್ತದೆ. ಹುಣ್ಣಿಮೆಯಂದು ಹೊರಟರೆ ಉಬ್ಬರ ತುಂಬುವಾಗ ಹನ್ನೊಂದಾಗಿ, ಬಿಸಿಲೂ ಗಾಳಿಯೂ ಒಟ್ಟಿಗೆ ಸಿಗುತ್ತವೆ. ನನ್ನನ್ನು ಕೇಳಿದರೆ ದಶಮಿ, ಏಕಾದಶಿ, ದ್ವಾದಶಿಗಳ ಬೆಳಗುಗಳೇ ಕಯಾಕಿಗೆ ಹೇಳಿ ಮಾಡಿಸಿದಂಥವು: ಆರೂವರೆಗೆ ಹೊರಟು ಎಂಟಕ್ಕೆ ತುಂಬಿದ ನೀರಿನಲ್ಲಿ ತಿರುಗಿ, ಗಾಳಿ ಏಳುವ ಮೊದಲೇ ದಡ ಸೇರಬಹುದು.

ಶರಾವತಿಗೆ ಮಾತ್ರ ಅನ್ವಯಿಸುವ ಒಂದು ಮಾತಿದೆ. ಲಿಂಗನಮಕ್ಕಿ ಅಣೆಕಟ್ಟಿನಿಂದ ಗೇರುಸೊಪ್ಪೆ ಅಣೆಕಟ್ಟಿನವರೆಗೆ ವಿದ್ಯುತ್ತಿಗಾಗಿ ಬಳಸಿದ ನೀರು ಬೇಸಿಗೆಯಲ್ಲೂ ಈ ಹೊಳೆಗೆ ಇಳಿಯುತ್ತಿರುವುದರಿಂದ, ಇಲ್ಲಿನ ಹರಿವು ಕೇವಲ ಚಂದ್ರನ ಮಾತು ಕೇಳುವುದಿಲ್ಲ; ಮೇಲಿನಿಂದ ನೀರು ಬಿಟ್ಟ ದಿನ ಇಳಿತದ ಸೆಳೆತ ಪಟ್ಟಿಯಲ್ಲಿ ಕಂಡದ್ದಕ್ಕಿಂತ ಜೋರಾಗಿರುತ್ತದೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಈ ತೊಡಕಿಲ್ಲ. ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಅದರ ಅಳಿವೆಯಲ್ಲಿ ಬೇರೆಯದೇ ಎಚ್ಚರ ಬೇಕು. ಇಳಿತದಲ್ಲಿ ತೆರೆದುಕೊಳ್ಳುವ ಮರಳದಿಬ್ಬಗಳಲ್ಲಿ ಚಿಪ್ಪು ಆಯುವವರ ದಿನದ ದುಡಿಮೆ ನಡೆದಿರುತ್ತದೆ, ಅವರ ನಡುವೆ ಕಯಾಕ್ ನುಗ್ಗಿಸಬಾರದು. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಕಟ್ಟೆಯ ತೂಬುಗಳ ಬಳಿ, ನೀರು ಒಳಗೆ ಹೊರಗೆ ನುಗ್ಗುವ ಹೊತ್ತಿನಲ್ಲಿ, ಸುಳಿಯಲೂಬಾರದು. ದಕ್ಷಿಣಕ್ಕೆ ಸಾಲಿಗ್ರಾಮದ ಬಳಿ ಸೀತಾ ನದಿಯಲ್ಲಿ ಕಯಾಕ್ ನಡೆಸುವವರಿಗೂ ಮೇಲಿನ ಲೆಕ್ಕವೇ ಸಲ್ಲುತ್ತದೆ. ಸೀತೆ, ಸ್ವರ್ಣೆಯರು ಕಡಲು ಸೇರುವ ಕೋಡಿಬೆಂಗ್ರೆಯ ಬಾಯಿಯಿಂದ ಅವರೂ ದೂರವಿರಲಿ.

ಇನ್ನು ನಡಿಗೆ. ನೀರಿಗೆ ಉಬ್ಬರ ಬೇಕಾದಂತೆ ನಡಿಗೆಗೆ ಇಳಿತ ಬೇಕು. ಗೋಕರ್ಣದಿಂದ ಕುಡ್ಲೆ, ಓಂ, ಹಾಫ್ ಮೂನ್ ದಾಟಿ ಪ್ಯಾರಡೈಸ್ ತೀರದವರೆಗಿನ ದಾರಿ ಗುಡ್ಡ ಹತ್ತಿ ಇಳಿದು, ನಡುನಡುವೆ ಮರಳಿನ ಮೇಲೆ ಸಾಗುತ್ತದೆ. ಇಳಿತದಲ್ಲಿ ಒದ್ದೆ ಮರಳು ಗಟ್ಟಿಯಾಗಿ ಕಾಲಿಗೆ ಆಸರೆ ಕೊಡುತ್ತದೆ, ತೀರಗಳ ಅಂಚಿನ ಬಂಡೆಗಳು ಬರಿದಾಗುತ್ತವೆ. ಉಬ್ಬರದಲ್ಲಿ ಅದೇ ಬಂಡೆಗಳಿಗೆ ಅಲೆ ಬಡಿಯುತ್ತದೆ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಹೆಜ್ಜೆ ಜಾರುತ್ತದೆ. ಆಗ ಎಷ್ಟೇ ಸುತ್ತಾದರೂ ಗುಡ್ಡದ ಮೇಲಿನ ಕಾಲುದಾರಿಯನ್ನೇ ಹಿಡಿಯಬೇಕು. ಇನ್ನೂ ಉದ್ದ ನಡೆಯುವ ಮನಸ್ಸಿದ್ದರೆ, ಪ್ಯಾರಡೈಸಿನಿಂದ ತದಡಿಗೆ ಬಂದು ದೋಣಿಯಲ್ಲಿ ಅಘನಾಶಿನಿ ಊರಿಗೆ ದಾಟಿ, ಕುಮಟಾದ ಕಡೆಯ ತೀರಗಳನ್ನು ಹಿಡಿಯಬಹುದು. ಹೊಳೆ ಮತ್ತು ನಡಿಗೆ ಎರಡನ್ನೂ ಕೂಡಿಸುವ ಆ ದಾರಿ ನನಗೆ ಅಚ್ಚುಮೆಚ್ಚು, ಆದರೆ ಎರಡೇ ದಿನದ ನಿಮ್ಮ ಪ್ರವಾಸದಲ್ಲಿ ಅದಕ್ಕೆ ಸಮಯ ಸಾಲದು.

ಏಕಾದಶಿಯ ಅನುಕೂಲ ಇಲ್ಲಿಯೂ ಕಾಣುತ್ತದೆ. ಬೆಳಗ್ಗೆ ಎಂಟಕ್ಕೆ ಉಬ್ಬರವಾದರೆ ಮಧ್ಯಾಹ್ನ ಎರಡರ ಮೇಲೆ ಪೂರ್ಣ ಇಳಿತ, ಮರುದಿನ ಮೂರರ ಸುಮಾರಿಗೆ. ಶನಿವಾರ ಬೆಳಗ್ಗೆ ಹೊನ್ನಾವರದಲ್ಲಿ ಹುಟ್ಟು ಹಾಕಿ, ಭಾನುವಾರ ಮೂರು ಗಂಟೆಗೆ ಕುಡ್ಲೆಯಿಂದ ನಡೆಯತೊಡಗಿದರೆ ಅಗಲವಾದ ಮರಳೂ ಇಳಿಬಿಸಿಲೂ ಜೊತೆಗಿರುತ್ತವೆ. ಡಿಸೆಂಬರಿನಲ್ಲಿ ಆರು ದಾಟಿದೊಡನೆ ಸೂರ್ಯ ಮುಳುಗುವುದರಿಂದ, ಹಾಫ್ ಮೂನ್ ತಲುಪುವಾಗ ಐದಾಗಿದ್ದರೆ ಪ್ಯಾರಡೈಸನ್ನು ಬಿಟ್ಟು ಹಿಂತಿರುಗಿ. ಗುಡ್ಡದ ಆ ಕಾಲುದಾರಿ ಕತ್ತಲಲ್ಲಿ ನಡೆಯುವಂಥದ್ದಲ್ಲ.

ಲೈಫ್ ಜಾಕೆಟ್ ಕೊಡದವರ ಬಳಿ ಕಯಾಕ್ ಪಡೆಯಬೇಡಿ, ಕೊಟ್ಟದ್ದರ ಬಕಲ್ ಬಿಗಿಯಾಗುತ್ತದೆಯೇ ಎಂದು ದಡದಲ್ಲೇ ನೋಡಿಕೊಳ್ಳಿ. ಈಜು ಬಲ್ಲವರೂ ತೊಡಬೇಕು. ನೀವು ಆರಿಸಿಕೊಂಡ ಶನಿವಾರ ಹುಣ್ಣಿಮೆಯಾಗಿದ್ದರೆ, ಸಾಧ್ಯವಾದಲ್ಲಿ ಪ್ರವಾಸವನ್ನು ಒಂದು ವಾರ ಮುಂದೆ ಹಾಕಬೇಡಿ, ಏಕೆಂದರೆ ಆಗ ಅಷ್ಟಮಿ ಬಂದು ಬೆಳಗ್ಗೆಯಿಡೀ ನೀರು ಇಳಿಯುತ್ತಿರುತ್ತದೆ; ಹತ್ತು, ಹನ್ನೊಂದು ದಿನ ಬಿಟ್ಟು ರಜೆ ಹಾಕಿಯಾದರೂ ಬನ್ನಿ.