‘ನಂದು ಓ ಗ್ರೂಪ್, ನನಗೇನ್ ಆಗ್ತದ?’

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾಗಿದ್ದು ನಮ್ಮ ಕಲಬುರಗಿಯಿಂದ. ಮುಂದಿನ ತಿಂಗಳುಗಳಲ್ಲಿ ಫೋನಿಂದ ಫೋನಿಗೆ ಒಂದು ಮಾತು ಓಡಾಡಿತು: ಓ ಗ್ರೂಪ್‌ನವರಿಗೆ ಕೊರೊನಾ ಬರಲ್ಲ, ಎ ಗ್ರೂಪ್‌ನವರು ಹುಷಾರಾಗಿರಬೇಕು. ‘ನಂದು ಓ ಅದ, ನನಗೇನ್ ಆಗ್ತದ’ ಅಂತ ಮಾಸ್ಕ್ ಕಿಸೆಗೆ ಹಾಕಿಕೊಂಡು ತಿರುಗಿದವರೂ ಇದ್ದರು. ಈ ಮಾತಿನ ಹಿಂದೆ ಚೂರು ನಿಜ ಇತ್ತು. ಅದಕ್ಕೇ ಅದು ಅಪಾಯಕಾರಿ.

ಆ ನಿಜ ಇಷ್ಟು. ಇಟಲಿ ಮತ್ತು ಸ್ಪೇನ್‌ನ ಆಸ್ಪತ್ರೆಗಳಲ್ಲಿ ಉಸಿರಾಟ ಕೈಕೊಟ್ಟ ಕೋವಿಡ್ ರೋಗಿಗಳ ವಂಶವಾಹಿಗಳನ್ನು 2020ರಲ್ಲಿ ಪರೀಕ್ಷಿಸಿದರು. ಆ ಸ್ಥಿತಿ ತಲುಪುವ ಸಂಭವ ಎ ಗ್ರೂಪ್‌ನವರಲ್ಲಿ ಉಳಿದವರಿಗಿಂತ ಸುಮಾರು 45% ಜಾಸ್ತಿ, ಓ ಗ್ರೂಪ್‌ನವರಲ್ಲಿ ಸುಮಾರು 35% ಕಡಿಮೆ ಕಂಡಿತು. ಆಮೇಲಿನ ಅಧ್ಯಯನಗಳಲ್ಲಿ ಈ ಅಂತರ ಸಣ್ಣದಾಯಿತು, ಕೆಲವದರಲ್ಲಿ ಕಾಣಲೇ ಇಲ್ಲ. ‘ಸ್ವಲ್ಪ ಕಡಿಮೆ’ ಅನ್ನೋದು ಜನರ ಬಾಯಲ್ಲಿ ‘ಬರೋದೇ ಇಲ್ಲ’ ಆಗಿಬಿಟ್ಟಿತ್ತು.

ಹಾಗಾದರೆ ಗ್ರೂಪ್‌ಗೂ ರೋಗಕ್ಕೂ ನಂಟು ಎಲ್ಲಿಂದ ಬಂತು? ರಕ್ತದಾನ ಶಿಬಿರದಲ್ಲಿ ಗ್ರೂಪ್ ನೋಡೋದನ್ನು ಒಮ್ಮೆ ಹತ್ತಿರ ನಿಂತು ಗಮನಿಸಿ. ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಸ್ಲೈಡ್ ಮೇಲೆ ಮೂರು ಕಡೆ ರಕ್ತದ ಹನಿ ಇಡುತ್ತಾರೆ. ಒಂದಕ್ಕೆ ನೀಲಿ ದ್ರವ, ಒಂದಕ್ಕೆ ಹಳದಿ, ಮೂರನೆಯದಕ್ಕೆ ಬಣ್ಣವಿಲ್ಲದ್ದು. ಕಡ್ಡಿಯಲ್ಲಿ ಕಲೆಸಿ, ಸ್ಲೈಡನ್ನು ಅತ್ತಿತ್ತ ಮೆಲ್ಲಗೆ ವಾಲಿಸುತ್ತಾರೆ. ನೋಡನೋಡುತ್ತಲೇ ಒಂದು ಹನಿ ಮರಳುಮರಳಾಗಿ ಒಡೆಯುತ್ತದೆ, ಪಕ್ಕದ್ದು ನುಣ್ಣಗೇ ಉಳಿಯುತ್ತದೆ. ನೀಲಿಯಲ್ಲಿ ಮಾತ್ರ ಗಂಟು ಕಟ್ಟಿದರೆ ಎ, ಹಳದಿಯಲ್ಲಿ ಮಾತ್ರ ಕಟ್ಟಿದರೆ ಬಿ, ಎರಡರಲ್ಲೂ ಕಟ್ಟಿದರೆ ಎಬಿ, ಎರಡರಲ್ಲೂ ಕಟ್ಟದಿದ್ದರೆ ಓ. ಬಣ್ಣವಿಲ್ಲದ್ದರಲ್ಲಿ ಕಟ್ಟಿದರೆ ಪಾಸಿಟಿವ್, ಕಟ್ಟದಿದ್ದರೆ ನೆಗೆಟಿವ್. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನ ಮತ್ತು ಜೊತೆಯವರ ರಕ್ತ ಬೆರೆಸಿ ನೋಡಿ ಪ್ರಕಟಿಸಿದ್ದು ಇಂಥ ಗಂಟುಗಳ ಲೆಕ್ಕವನ್ನೇ. 1930ರಲ್ಲಿ ಅವರಿಗೆ ನೊಬೆಲ್ ಬಂತು.

ನೀಲಿ, ಹಳದಿ ದ್ರವದಲ್ಲಿರುವ ಪ್ರತಿಕಾಯಗಳು ಹಿಡಿದು ಗಂಟು ಕಟ್ಟಿಸೋದು ಸಕ್ಕರೆಯನ್ನು. ಸಕ್ಕರೆ ಕಾಯಿಲೆಯ ಸಕ್ಕರೆ ಅಲ್ಲ, ಜೀವಕೋಶದ ಹೊರಮೈಗೆ ಅಂಟಿಕೊಂಡ ಸಕ್ಕರೆಯ ಪುಟ್ಟ ಸರಗಳು. ಸಜ್ಜೆ ರೊಟ್ಟಿಯ ಮೈತುಂಬ ಎಳ್ಳು ಹತ್ತಿರುತ್ತದಲ್ಲ, ಹಾಗೆ ಕೆಂಪು ಕಣದ ಮೈತುಂಬ ಇವು ಇರುತ್ತವೆ. ಬುನಾದಿಯ ಸರ ಹೆಚ್ಚುಕಮ್ಮಿ ಎಲ್ಲರಲ್ಲೂ ಒಂದೇ. ಒಂಬತ್ತನೇ ಕ್ರೋಮೋಸೋಮ್‌ನ ಒಂದು ಜೀನ್ ತಯಾರಿಸುವ ಕಿಣ್ವ ಆ ಸರದ ತುದಿಗೆ ಇನ್ನೊಂದು ಸಕ್ಕರೆ ಸೇರಿಸುತ್ತದೆ. ಒಂದು ಬಗೆಯದು ಸೇರಿದರೆ ಎ, ಇನ್ನೊಂದು ಬಗೆಯದು ಸೇರಿದರೆ ಬಿ. 354 ಅಮೈನೋ ಆಮ್ಲಗಳ ಈ ಕಿಣ್ವದಲ್ಲಿ ಎ ಮತ್ತು ಬಿ ನಡುವೆ ವ್ಯತ್ಯಾಸ ಬರೀ ನಾಲ್ಕು! ಓ ಇನ್ನೂ ವಿಚಿತ್ರ. ಹೆಚ್ಚಿನ ಓ ಗ್ರೂಪ್‌ನವರ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ. ಅಷ್ಟಕ್ಕೇ ಕಿಣ್ವ ಕೆಲಸಕ್ಕೆ ಬಾರದಂತಾಗಿ, ಸರದ ತುದಿ ಖಾಲಿ ಉಳಿದಿದೆ.

ಈ ಸಕ್ಕರೆಗಳು ರಕ್ತದ ಕಣದ ಮೇಲಷ್ಟೇ ಇದ್ದಿದ್ದರೆ ಕತೆ ಇಲ್ಲಿಗೇ ಮುಗೀತಿತ್ತು. ಆದರೆ ಕರುಳು, ಜಠರ, ರಕ್ತನಾಳದ ಒಳಮೈಯಲ್ಲೂ ಇವು ಇವೆ. ನನಗೆ ಎಲ್ಲಕ್ಕಿಂತ ಸೋಜಿಗ ಅನಿಸೋದು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಅನ್ನೋ ಪ್ರೋಟೀನ್ ಮೇಲೂ ಇವು ಕೂತಿರೋದು. 1926ರಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್, ಗಾಯವಾದರೆ ರಕ್ತ ನಿಲ್ಲದ ಒಂದು ಕುಟುಂಬದ ಬಗ್ಗೆ ಬರೆದರು. ಅವರ ಹೆಸರೇ ಪ್ರೋಟೀನ್‌ಗೂ ಬಂತು. ಇದು ಉದ್ದನೆಯ ಎಳೆ. ರಕ್ತನಾಳಕ್ಕೆ ಗಾಯವಾದಾಗ ಅಲ್ಲಿ ಅಂಟಿಕೊಂಡು ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ಈ ಎಳೆಯನ್ನು ತುಂಡರಿಸುವ ಕಿಣ್ವವೂ ರಕ್ತದಲ್ಲೇ ಓಡಾಡುತ್ತಿರುತ್ತದೆ. ತುದಿಯ ಸಕ್ಕರೆ ಇಲ್ಲದ ಓ ಎಳೆ ಬೇಗ ತುಂಡಾಗುತ್ತದೆ, ರಕ್ತದಿಂದ ಬೇಗ ಖಾಲಿಯೂ ಆಗುತ್ತದೆ. ಹಾಗಾಗಿ ಓ ಗ್ರೂಪ್‌ನವರಲ್ಲಿ ಈ ಪ್ರೋಟೀನ್ ಸುಮಾರು 25% ಕಡಿಮೆ. ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಎ, ಬಿ, ಎಬಿಯವರಲ್ಲಿ ಓಗಿಂತ ಒಂದೂವರೆಯಿಂದ ಎರಡು ಪಟ್ಟು.

ಓ ಗ್ರೂಪ್‌ನವರು ಹಿಗ್ಗುವ ಮುಂಚೆ ಇನ್ನೊಂದು ಕಡೆಯನ್ನೂ ನೋಡಲಿ. 1950ರ ದಶಕದಲ್ಲೇ ಇಂಗ್ಲೆಂಡಿನ ವೈದ್ಯರು ಲೆಕ್ಕ ಹಾಕಿದ್ದರು: ಜಠರದ ಕ್ಯಾನ್ಸರ್ ಎ ಗ್ರೂಪ್‌ನಲ್ಲಿ ಸ್ವಲ್ಪ ಜಾಸ್ತಿ, ಸಣ್ಣ ಕರುಳಿನ ಶುರುವಿನಲ್ಲಾಗುವ ಅಲ್ಸರ್ ಓ ಗ್ರೂಪ್‌ನಲ್ಲಿ ಜಾಸ್ತಿ. ಕಾಲರಾ ಹತ್ತಿದರೆ ಓ ಗ್ರೂಪ್‌ನವರನ್ನೇ ಹೆಚ್ಚು ಕಾಡುತ್ತದೆ. ಮಲೇರಿಯಾದಲ್ಲಿ ಉಲ್ಟಾ. ಪರಾವಲಂಬಿ ಹೊಕ್ಕ ಕೆಂಪು ಕಣ ಪಕ್ಕದ ಕಣಗಳ ಎ, ಬಿ ಸಕ್ಕರೆ ಹಿಡಿದು ಗುಂಪು ಕಟ್ಟಿ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತದೆ. ಓ ಕಣಗಳಲ್ಲಿ ಆ ಹಿಡಿತ ಸಡಿಲ, ಅದಕ್ಕೇ ಓ ಗ್ರೂಪ್‌ನವರಲ್ಲಿ ಮಲೇರಿಯಾ ಪ್ರಾಣಕ್ಕೆ ಬರೋದು ಕಡಿಮೆ. ಯಾವ ಊರಲ್ಲಿ ಯಾವ ರೋಗ ಕಾಡಿತೋ ಅಲ್ಲಿ ಯಾವ ಗ್ರೂಪ್ ಉಳಿಯಿತು ಅನ್ನೋ ಹುಡುಕಾಟಕ್ಕೆ ದಾರಿ ಮಾಡಿದ್ದು ಹಿರ್ಷ್‌ಫೆಲ್ಡ್ ದಂಪತಿ. ಮೊದಲ ಮಹಾಯುದ್ಧದಲ್ಲಿ ಗ್ರೀಸಿನ ಸಲೋನಿಕಾದಲ್ಲಿ ಸೇರಿದ್ದ ನಾನಾ ದೇಶದ ಸೈನಿಕರ ರಕ್ತ ನೋಡಿ, ಯುರೋಪಿನವರಿಗಿಂತ ಭಾರತೀಯ ಸಿಪಾಯಿಗಳಲ್ಲಿ ಬಿ ಎಷ್ಟೋ ಜಾಸ್ತಿ ಅಂತ 1919ರಲ್ಲಿ ಪ್ರಕಟಿಸಿದರು.

ಈಗ ‘ಎರಡು ಪಟ್ಟು’ ಅನ್ನೋ ಮಾತನ್ನು ಬಿಡಿಸೋಣ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ನಾಳದ ಹೆಪ್ಪು ಆಗೋದು ವರ್ಷಕ್ಕೆ 1,000 ಜನರಲ್ಲಿ ಒಬ್ಬಿಬ್ಬರಿಗೆ. ಅಪಾಯ ದುಪ್ಪಟ್ಟಾದರೂ 1,000ಕ್ಕೆ 990ಕ್ಕೂ ಮೇಲ್ಪಟ್ಟ ಜನ ಆರಾಮಾಗಿಯೇ ಇರುತ್ತಾರೆ. ಹೃದಯದ್ದೂ ಹಾಗೇ. ಅಮೆರಿಕದ ಸುಮಾರು 90,000 ಜನರನ್ನು ಎರಡು ದಶಕ ಹಿಂಬಾಲಿಸಿದ ಅಧ್ಯಯನ 2012ರಲ್ಲಿ ಹೇಳಿದ್ದು: ಹೃದಯದ ರಕ್ತನಾಳದ ಕಾಯಿಲೆ ಓಗಿಂತ ಎಬಿಯಲ್ಲಿ 23%, ಬಿಯಲ್ಲಿ 11%, ಎಯಲ್ಲಿ 5% ಜಾಸ್ತಿ. ಬೀಡಿ, ಬಿಪಿ, ಶುಗರ್ ತರುವ ಅಪಾಯದ ಮುಂದೆ ಇದು ಬಹಳ ಸಣ್ಣದು. ಯಾದಗಿರಿಯ ಹಳ್ಳಿಯಲ್ಲಿ ಕುಡಿಯುವ ನೀರಿನ ಪೈಪಿಗೆ ಚರಂಡಿ ನೀರು ಸೇರಿದರೆ ವಾಂತಿಭೇದಿ ಯಾರ ಗ್ರೂಪ್ ಕೇಳಿಯೂ ಬರೋದಿಲ್ಲ.

ನನಗೆ ನಿಜವಾಗಿ ಚಿಂತೆ ಆಗೋದು ಮದುವೆ ಮಾತುಕತೆಯಲ್ಲಿ. ‘ಇಬ್ಬರದೂ ಒಂದೇ ಗ್ರೂಪ್ ಅದ, ಮಕ್ಕಳಿಗೆ ತ್ರಾಸ ಆಗ್ತದ’ ಅಂತ ಒಳ್ಳೆಯ ಸಂಬಂಧ ಬಿಡುತ್ತಾರೆ. ಗಂಡ ಹೆಂಡತಿ ಇಬ್ಬರದೂ ಓ ಆದರೆ, ಬಿ ಆದರೆ ಮಕ್ಕಳಿಗೆ ಏನೂ ಆಗಲ್ಲ. ಅದೇ ಮನೆಯಲ್ಲಿ ಗ್ರೂಪ್ ಬೇರೆ ಇದೆಯಲ್ಲ ಅಂತ ಅಕ್ಕನ ಮಗಳನ್ನೇ ತಮ್ಮನಿಗೆ ತಂದುಕೊಳ್ಳುತ್ತಾರೆ. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೀಮಿಯಾದಂಥ ರೋಗದ ಜೀನ್ ಇಬ್ಬರಲ್ಲೂ ಇರುವ ಸಂಭವ ಜಾಸ್ತಿ ಇರೋದು ಅಲ್ಲಿ, ಅಲ್ವಾ? ಅದನ್ನು ಹಿಮೋಗ್ಲೋಬಿನ್‌ನ ಬೇರೆಯೇ ಪರೀಕ್ಷೆ ಹೇಳುತ್ತದೆ, ಗ್ರೂಪ್ ಚೀಟಿ ಹೇಳಲ್ಲ.

ಆ ಚೀಟಿಯಲ್ಲಿ ಮದುವೆಗೆ ಬೇಕಾದ ಒಂದು ವಿಷಯ ಮಾತ್ರ ಇದೆ: ಹುಡುಗಿ ನೆಗೆಟಿವ್, ಹುಡುಗ ಪಾಸಿಟಿವ್ ಆಗಿರೋದು. ನಮ್ಮ ದೇಶದಲ್ಲಿ 100ಕ್ಕೆ ಸುಮಾರು 5 ಜನ ನೆಗೆಟಿವ್. ಮಗು ಪಾಸಿಟಿವ್ ಆದರೆ ಅದರ ರಕ್ತ ತಾಯಿಯ ದೇಹ ಸೇರಿ, ಅಲ್ಲಿ ತಯಾರಾದ ಪ್ರತಿಕಾಯಗಳು ಮುಂದಿನ ಪಾಸಿಟಿವ್ ಮಗುವಿನ ಕೆಂಪು ಕಣಗಳನ್ನು ಒಡೆಯಬಹುದು. ಇದಕ್ಕೂ ಸಂಬಂಧ ಬಿಡಬೇಕಿಲ್ಲ. ಆ ಪ್ರತಿಕಾಯಗಳು ತಯಾರಾಗದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ 1968ರಿಂದಲೂ ಇದೆ. ಬಸುರಿನ 28ನೇ ವಾರದ ಹೊತ್ತಿಗೆ ಒಂದು, ಹುಟ್ಟಿದ ಮಗು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಇನ್ನೊಂದು ಕೊಡುತ್ತಾರೆ. ಗರ್ಭಪಾತವಾದರೂ ಬೇಕಾಗಬಹುದು. ಡಾಕ್ಟರು ಕೇಳಲಿ ಅಂತ ಕಾಯಬೇಡಿ, ಮೊದಲ ತಪಾಸಣೆಯಲ್ಲೇ ‘ನಂದು ನೆಗೆಟಿವ್’ ಅಂತ ನೀವೇ ಹೇಳಿ.