ಪಾಯಿಂಟ್ ಟೂ ಟೂ ಕೊಳ್ಳುವ ಮುಂಚೆ ತೋಟಾ ನೋಡಿ

ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಕೋವಿ ಅಂದರೆ ಸಾಮಾನ್ಯವಾಗಿ ಹನ್ನೆರಡು ಬೋರಿನದ್ದೇ. ಪಾಯಿಂಟ್ ಟೂ ಟೂ, ಅಂದರೆ ನಳಿಗೆಯ ತೂತು 0.22 ಇಂಚು ಇರುವ ರೈಫಲ್ ವಿಚಾರಿಸುವವರು ಗುರಿ ಹೊಡೆಯುವ ಹುಚ್ಚು ಹಿಡಿದವರು. ಊರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆದರೆ ಇವರ ಹುಚ್ಚು ಇನ್ನೂ ಏರುತ್ತದೆ. ಆಮೇಲೆ ಶುರುವಾಗುತ್ತದೆ ಪ್ರಶ್ನೆ: ಯಾವ ಕಂಪನಿದು ತಗೊಳ್ಳಲಿ, ನಳಿಗೆ ಎಷ್ಟುದ್ದ ಇರಬೇಕು? ತೋಟಾದ ವಿಷಯ ಯಾರೂ ಎತ್ತುವುದಿಲ್ಲ. ಈ ರೈಫಲ್ಲಿನ ಗುಣ, ದೋಷ ಎರಡಕ್ಕೂ ಮೂಲ ಆ ಪುಟ್ಟ ತೋಟಾವೇ.

ಹಾರಿಸಿ ಬಿದ್ದ ಖಾಲಿ ತೋಟಾ ಒಂದನ್ನು ಎತ್ತಿ ನೋಡಿ. ಹನ್ನೆರಡು ಬೋರಿನದ್ದಾದರೆ ತಳದ ನಟ್ಟನಡುವೆ ಕಿಡಿ ಹುಟ್ಟಿಸುವ ಕೇಪು, ಅದರ ಮೇಲೆ ದುಂಡನೆ ಗುಳಿ. ಟೂ ಟೂ ತೋಟಾದಲ್ಲಿ ಕೇಪೇ ಇಲ್ಲ. ತಳದ ಅಂಚು ಒಂದು ಕಡೆ ಜಜ್ಜಿದಂತಿರುತ್ತದೆ, ಅಷ್ಟೇ. ತೆಳುವಾದ ಹಿತ್ತಾಳೆ ಕೊಳವೆಯ ತಳವನ್ನು ಹೊರಕ್ಕೆ ಮಡಚಿ, ಆ ಮಡಿಕೆಯ ಒಳಗೆ ಕಿಡಿಮದ್ದು ತುಂಬಿರುತ್ತಾರೆ. ಟ್ರಿಗರ್ ಎಳೆದಾಗ ರೈಫಲ್ಲಿನ ಪಿನ್ ಬಂದು ಅಂಚನ್ನು ಜಜ್ಜಿದರೆ ಕಿಡಿ ಹುಟ್ಟುತ್ತದೆ. ರಿಮ್‌ಫೈರ್ ಅನ್ನುವುದು ಇದನ್ನೇ. ಇವತ್ತು ಎಲ್ಲರೂ ಬಳಸುವ, ಲಾಂಗ್ ರೈಫಲ್ ಅನ್ನುವ ಹೆಸರಿನ ಟೂ ಟೂ ತೋಟಾ 1887ರಲ್ಲೇ ಬಂತು. ಬಿಡಿಭಾಗ ಕಡಿಮೆ, ಮದ್ದು ಕಡಿಮೆ, ಗುಂಡು ಬರೀ 2.6 ಗ್ರಾಂ ಸೀಸ. ಹಾಗಾಗಿ ಅಗ್ಗ. ಭುಜಕ್ಕೆ ಒದೆತವೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅಂಚು ಜಜ್ಜಿಹೋದ ಕೊಳವೆಗೆ ಮತ್ತೆ ಮದ್ದು ತುಂಬಲಾಗುವುದಿಲ್ಲ. ಕಾರ್ಖಾನೆ ಮಾಡಿಕೊಟ್ಟಿದ್ದೇ ಗತಿ.

ತೊಂದರೆ ಇರುವುದೂ ಅಲ್ಲೇ. ಕಾರ್ಖಾನೆಯಲ್ಲಿ ಮದ್ದು ಒಂಚೂರು ಹೆಚ್ಚು ಕಡಿಮೆಯಾದರೂ ಗುಂಡಿನ ವೇಗ ಬದಲಾಗುತ್ತದೆ. ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೊರಟ ಗುಂಡು 50 ಮೀಟರ್ ತಲುಪುವಷ್ಟರಲ್ಲಿ ಸುಮಾರು 12 ಸೆಂ.ಮೀ. ಕೆಳಗಿಳಿಯುತ್ತದೆ. ಇನ್ನೊಂದು ಗುಂಡು 320 ಮೀಟರ್ ವೇಗದಲ್ಲಿ ಹೊರಟಿತು ಅನ್ನಿ. ಅದು ಇನ್ನೂ 7-8 ಮಿ.ಮೀ. ಜಾಸ್ತಿ ಇಳಿಯುತ್ತದೆ. ಒಲಿಂಪಿಕ್ಸ್‌ನ 50 ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲವೇ 10.4 ಮಿ.ಮೀ., ಅಂದರೆ ರೂಪಾಯಿ ನಾಣ್ಯದ ಅರ್ಧ. ನಿಮ್ಮ ಕೈ ಅಲ್ಲಾಡಿಲ್ಲ, ಉಸಿರೂ ಹಿಡಿದಿದ್ದೀರಿ, ಆದರೂ ಅಂಕ ಹೋಯಿತು. ಇದೇ ದೂರದಲ್ಲಿ, ಇದೇ ಟೂ ಟೂ ತೋಟಾದಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ದೇಶದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರು.

ಹಾಗಾದರೆ ವೇಗ ಜಾಸ್ತಿ ಇರುವ ತೋಟಾ ತಗೊಂಡರಾಯ್ತಲ್ವಾ? ಇಲ್ಲಿ ಗಾಳಿ ಬೇರೆಯೇ ಆಟ ಆಡುತ್ತದೆ. 20 ಡಿಗ್ರಿ ಬಿಸಿಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಮೀರಿ ಹೊರಟ ಗುಂಡನ್ನು ಗಾಳಿ ವಿಪರೀತ ತಡೆಯುತ್ತದೆ. ಅಡ್ಡಗಾಳಿ ಗುಂಡನ್ನು ಎಷ್ಟು ತಳ್ಳುತ್ತದೆ ಅನ್ನುವುದು ಪ್ರಯಾಣದ ಸಮಯಕ್ಕಿಂತ, ಗಾಳಿಯ ತಡೆಯಿಂದ ಗುಂಡು ಎಷ್ಟು ತಡವಾಯಿತು ಅನ್ನುವುದರ ಮೇಲೆ ನಿಂತಿದೆ. ಹೀಗಾಗಿ ಹೈ ವೆಲಾಸಿಟಿ ಗುಂಡು ಬೇಗ ತಲುಪಿದರೂ ಅಡ್ಡಗಾಳಿಗೆ ಜಾಸ್ತಿ ಸರಿಯುತ್ತದೆ. ಕೇಳಿದವರು ನಂಬುವುದಿಲ್ಲ, ಗುರಿಹಲಗೆ ನೋಡಿದ ಮೇಲೆ ನಂಬುತ್ತಾರೆ. ಸ್ಪರ್ಧೆಗೆ ಮಾಡುವ ತೋಟಾಗಳು ಶಬ್ದದ ವೇಗಕ್ಕಿಂತ ಕೆಳಗೇ ಇರುವುದು ಇದಕ್ಕೇ.

ಇಷ್ಟು ತಿಳಿದರೆ ರೈಫಲ್ ಆರಿಸುವುದು ಸುಲಭ. ಮದ್ದು ಇಷ್ಟು ಕಡಿಮೆ ಇರುವಾಗ ನಳಿಗೆ ಉದ್ದವಾದಷ್ಟೂ ವೇಗ ಏರುತ್ತಾ ಹೋಗುವುದಿಲ್ಲ. 16-18 ಇಂಚು ದಾಟಿದರೆ ಹೆಚ್ಚಿನ ಲಾಭವಿಲ್ಲ. ಉದ್ದನೆ ನಳಿಗೆಗೆ ಸುಮ್ನೆ ದುಡ್ಡು ಸುರಿಯಬೇಡಿ. ಅಭ್ಯಾಸಕ್ಕೆ ಬೋಲ್ಟ್ ಆಕ್ಷನ್ ಸಾಕು, ಅಂದರೆ ತೋಟಾದ ಹಿಂದಿರುವ ಬೋಲ್ಟನ್ನು ಪ್ರತಿ ಗುಂಡಿಗೂ ಕೈಯಿಂದಲೇ ಎಳೆದು ತಳ್ಳುವ ರೈಫಲ್. ತಾನಾಗಿ ತುಂಬಿಕೊಳ್ಳುವ ರೈಫಲ್ ತೋಟಾ ತಿನ್ನುತ್ತದೆ, ತಾಳ್ಮೆ ಕಲಿಸುವುದಿಲ್ಲ. ಟ್ರಿಗರ್ ಎಳೆತ ಹಗುರವಾಗಿ, ಪ್ರತಿ ಸಲ ಒಂದೇ ತರ ಇರಬೇಕು. ರೈಫಲ್ಲಿನ ಹಿಂಬದಿಯ ಬಟ್ಟು ನಿಮ್ಮ ಭುಜಕ್ಕೆ ಹೊಂದಬೇಕು. ಟೆಲಿಸ್ಕೋಪ್ ಹಾಕುವುದಾದರೆ 50 ಮೀಟರಿಗೆ ಹೊಂದಿಸಿದ ರಿಮ್‌ಫೈರ್ ಟೆಲಿಸ್ಕೋಪ್ ಕೇಳಿ. ದೊಡ್ಡ ರೈಫಲ್ಲಿನದನ್ನು ಹಾಕಿದರೆ ಕಣ್ಣು ಸ್ವಲ್ಪ ಪಕ್ಕಕ್ಕೆ ಸರಿದರೂ ಗುರಿ ಸರಿದಂತೆ ಕಾಣುತ್ತದೆ.

ಹಳೆಯದು ಕೊಳ್ಳುವಾಗ ಬೋಲ್ಟ್ ತೆಗೆದು, ತೋಟಾ ಕೂರುವ ಜಾಗದ ಅಂಚಿಗೆ ಬೆಳಕು ಬಿಡಿ. ಕೆಲವು ಹಳೆಯ ರೈಫಲ್‌ಗಳನ್ನು ಖಾಲಿ ಇಟ್ಟುಕೊಂಡು ಟ್ರಿಗರ್ ಎಳೆದೆಳೆದರೆ ಪಿನ್ ನೇರವಾಗಿ ಆ ಉಕ್ಕಿನ ಅಂಚಿಗೆ ಹೊಡೆದು ಗುಳಿ ಮಾಡಿರುತ್ತದೆ. ಆ ಗುಳಿ ಇದ್ದರೆ ತೋಟಾ ಸರಿಯಾಗಿ ಜಜ್ಜುವುದಿಲ್ಲ, ಕೆಲವೊಮ್ಮೆ ಹಾರುವುದೇ ಇಲ್ಲ. ಹಾರದ ತೋಟಾ ಸಿಕ್ಕರೆ ಕೂಡಲೇ ಬೋಲ್ಟ್ ತೆರೆಯಬೇಡಿ. ನಳಿಗೆ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ. ಗುಂಡು ಪುಟ್ಟದು ಅಂತ ಸಸಾರ ಬೇಡ, ಒಂದು ಕಿಲೋಮೀಟರ್ ದಾಟಿಯೂ ಹೋಗುತ್ತದೆ. ತೋಟದ ಆಚೆ ಲೈನ್ ಮನೆ ಇರಬಹುದು, ರಸ್ತೆ ಇರಬಹುದು. ಅಭ್ಯಾಸ ನಡೆಯಬೇಕಾದ್ದು ಅನುಮತಿ ಇರುವ ರೇಂಜಿನಲ್ಲಿ, ಕಾಫಿ ಗಿಡಗಳ ನಡುವೆ ಅಲ್ಲ.

ರೈಫಲ್ ಬಂದ ಮೇಲೆ ನಾಲ್ಕೈದು ಬಗೆಯ ತೋಟಾ ತಂದು, ಒಂದೊಂದರಲ್ಲೂ ಐದೈದು ಗುಂಡು ಹೊಡೆದು ನೋಡಿ. ಒಂದು ಬಗೆ ಗುಂಪಾಗಿ ಬೀಳುತ್ತದೆ, ಇನ್ನೊಂದು ಚೆಲ್ಲಾಪಿಲ್ಲಿಯಾಗುತ್ತದೆ. ಪಕ್ಕದವರ ರೈಫಲ್ಲಿಗೆ ಇದೇ ಉಲ್ಟಾ ಆಗಬಹುದು. ಗುಂಪಾಗಿ ಬಿದ್ದ ಪೆಟ್ಟಿಗೆಯ ಮೇಲಿನ ಲಾಟ್ ನಂಬರ್ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬರೆದಿಟ್ಟುಕೊಂಡು ಅದೇ ಲಾಟಿನದ್ದನ್ನು ಕೊಳ್ಳಿ. ಎಷ್ಟು ಕೊಳ್ಳಬಹುದು ಅನ್ನುವುದಕ್ಕೆ ಲೈಸೆನ್ಸಿನಲ್ಲಿ ಮಿತಿ ಬರೆದಿರುತ್ತದೆ, ಅದನ್ನು ಮೊದಲೇ ಓದಿಕೊಳ್ಳಿ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಲು ನೋಟಿಸ್ ಬರುವುದೂ ನಮ್ಮ ಕಡೆ ಮಾಮೂಲು. ಆ ದಿನಗಳಲ್ಲಿ ಅಭ್ಯಾಸ ತಪ್ಪಬಾರದು ಅನ್ನುವವರು 10 ಮೀಟರಿನ 4.5 ಮಿ.ಮೀ. ಏರ್ ರೈಫಲ್ ಹಿಡಿಯಬಹುದು. ಗುಂಡಿನ ಖರ್ಚೂ ಇನ್ನೂ ಕಡಿಮೆ.